ಎಮ್ಮೆಕರುಗಳಲ್ಲಿ ಜಂತುಹುಳು ಬಾಧೆ: ಸದಸ್ಯರು ಅರಿತಿರಬೇಕಾದ ಸಂಗತಿಗಳು



ಎಮ್ಮೆ ಆರೋಗ್ಯವಾಗಿದ್ದು, ಹಾಲೂ ಸಾಕಷ್ಟಿದ್ದು, ಕರು ಮಾತ್ರ ತಿಂಗಳೆರಡು ತಿಂಗಳಲ್ಲಿ ಬಡಕಲಾಗಿ ಸಾಯುವುದನ್ನು ನಾವೆಲ್ಲರೂ ಗ್ರಾಮಗಳಲ್ಲಿ ಕಂಡಿದ್ದೇವೆ. ಹೊಟ್ಟೆ ಡೊಳ್ಳಾಗುತ್ತದೆ, ಕೂದಲು ಒರಟಾಗುತ್ತದೆ, ಮಣ್ಣಿನ ಬಣ್ಣದ ದುರ್ವಾಸನೆಯ ಭೇದಿಯಾಗುತ್ತದೆ. ದೃಷ್ಟಿ ತಗುಲಿತೆಂದೋ ಹಾಲು ಅಜೀರ್ಣವಾಯಿತೆಂದೋ ಭಾವಿಸಿ ಸುಮ್ಮನಾಗುವುದುಂಟು. ಆದರೆ ಇಂತಹ ಸಾವುಗಳಿಗೆ ಒಂದು ಪ್ರಮುಖ ಕಾರಣ, ಕರುವಿನ ಸಣ್ಣ ಕರುಳಿನಲ್ಲಿ ನೆಲೆಸುವ ದುಂಡು ಜಂತುಹುಳು. ಇದರ ವೈಜ್ಞಾನಿಕ ಹೆಸರು ಟಾಕ್ಸೊಕಾರ ವಿಟುಲೋರಮ್. ಬೆಳೆದ ಹೆಣ್ಣು ಹುಳು 30 ಸೆಂಟಿಮೀಟರ್‌ವರೆಗೆ, ಅಂದರೆ ಗೇಣಿಗಿಂತಲೂ ಹೆಚ್ಚು ಉದ್ದವಿರುತ್ತದೆ. ಹುಳುಗಳು ಹೆಚ್ಚಾದರೆ ಗಂಟುಕಟ್ಟಿಕೊಂಡು ಕರುಳನ್ನೇ ಮುಚ್ಚಿಬಿಡುತ್ತವೆ.

ಹುಳು ಬರುವ ದಾರಿ

ಇನ್ನೂ ಹುಲ್ಲು ಮುಟ್ಟದ ಕರುವಿಗೆ ಹುಳು ಬರುವುದು ತಾಯಿಯ ಹಾಲಿನ ಮೂಲಕ. ನೆಲದಲ್ಲಿರುವ ಮೊಟ್ಟೆಗಳು ಮೇವು ನೀರಿನೊಂದಿಗೆ ಎಮ್ಮೆಯ ಹೊಟ್ಟೆ ಸೇರಿ, ಮರಿಹುಳುಗಳಾಗಿ ಅದರ ಅಂಗಾಂಶಗಳಲ್ಲಿ ಸುಪ್ತವಾಗಿ ಉಳಿಯುತ್ತವೆ. ಎಮ್ಮೆ ಈಯುವ ಹೊತ್ತಿಗೆ ಅವು ಎಚ್ಚೆತ್ತು ಕೆಚ್ಚಲಿಗೆ ಬಂದು, ಹಾಲಿನೊಡನೆ ಕರುವನ್ನು ಸೇರುತ್ತವೆ. ಸುಮಾರು ಮೂರು ವಾರಗಳಲ್ಲಿ ಬೆಳೆದು, ಕರುವಿನ ಸಗಣಿಯಲ್ಲಿ ಅಸಂಖ್ಯ ಮೊಟ್ಟೆಗಳನ್ನು ಬಿಡಲಾರಂಭಿಸುತ್ತವೆ. ದಪ್ಪ ಕವಚವುಳ್ಳ ಈ ಮೊಟ್ಟೆಗಳು ತೇವವಿರುವ ಕೊಟ್ಟಿಗೆಯ ನೆಲದಲ್ಲಿ ಬಹುಕಾಲ ಬದುಕಿರುತ್ತವೆ. ತಾಯಿಯ ಕರುಳಿನಲ್ಲಿ ಸಾಮಾನ್ಯವಾಗಿ ಬೆಳೆದ ಹುಳುಗಳಿರುವುದಿಲ್ಲ. ಆದ್ದರಿಂದ ಅದರ ಸಗಣಿ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದು ಕರು ಸುರಕ್ಷಿತವೆಂದು ಭಾವಿಸಲಾಗದು.

ಹಾಲಿನಿಂದ ಹುಳು ಬರುವುದೆಂದು ಗಿಣ್ಣುಹಾಲನ್ನು ತಪ್ಪಿಸುವುದು ದೊಡ್ಡ ತಪ್ಪು. ಕರುವಿನ ರೋಗನಿರೋಧಕ ಶಕ್ತಿಗೆ ಅದೇ ಮೂಲ. ಪರಿಹಾರವಿರುವುದು ಸಕಾಲದ ಔಷಧಿಯಲ್ಲಿ.

ಶಿಬಿರವೊಂದೇ ಏಕೆ ಸಾಲದು?

ಕರು ಹುಟ್ಟಿದ 10ರಿಂದ 16ನೆಯ ದಿನದೊಳಗೆ ಮೊದಲ ಜಂತುನಾಶಕ ನೀಡಿದರೆ, ಹುಳು ಮೊಟ್ಟೆಯಿಡುವ ಮುನ್ನವೇ ನಾಶವಾಗುತ್ತದೆ. ಹೀಗೆ ಕರು ಉಳಿಯುವುದಲ್ಲದೆ ಕೊಟ್ಟಿಗೆಯ ನೆಲವೂ ಶುದ್ಧವಾಗಿ ಉಳಿಯುತ್ತದೆ. ನಾವು ವರ್ಷಕ್ಕೆ ಒಂದೆರಡು ಬಾರಿ ಏರ್ಪಡಿಸುವ ಶಿಬಿರಗಳು ದೊಡ್ಡ ಜಾನುವಾರುಗಳಿಗೆ ಉಪಯುಕ್ತವೇ ಸರಿ. ಆದರೆ ಶಿಬಿರದ ಮರುವಾರ ಹುಟ್ಟಿದ ಕರು ಮುಂದಿನ ಶಿಬಿರದವರೆಗೆ ಕಾಯಲಾರದು. ಇಲ್ಲಿ ಎಣಿಸಬೇಕಾದದ್ದು ಶಿಬಿರದ ದಿನಾಂಕವನ್ನಲ್ಲ, ಕರುವಿನ ವಯಸ್ಸನ್ನು.

ಪಂಚಾಯಿತಿಯು ಕೈಗೊಳ್ಳಬಹುದಾದ ಕ್ರಮಗಳು

1. ಪ್ರತಿ ವಾರ್ಡಿನಲ್ಲಿ ಈದ ಎಮ್ಮೆಗಳ ಪಟ್ಟಿಯನ್ನು ಒಂದು ಸಾದಾ ವಹಿಯಲ್ಲಿ ಬರೆದಿಡುವುದು. ಹಾಲು ಸಹಕಾರ ಸಂಘ ಮತ್ತು ಸ್ವಸಹಾಯ ಸಂಘಗಳ ನೆರವು ಪಡೆದು, ಹತ್ತನೆಯ ದಿನದೊಳಗೆ ಪಶು ಚಿಕಿತ್ಸಾಲಯಕ್ಕೆ ಮಾಹಿತಿ ತಲುಪಿಸುವುದು.

2. ಔಷಧಿಯ ಆಯ್ಕೆ, ಪ್ರಮಾಣ ಮತ್ತು ಮುಂದಿನ ಸರದಿಯನ್ನು ಪಶುವೈದ್ಯರೇ ನಿರ್ಧರಿಸಬೇಕು. ಕರುವಿನ ತೂಕಕ್ಕೆ ತಕ್ಕಂತೆ ಪ್ರಮಾಣ ಬದಲಾಗುತ್ತದೆ. ಅಂಗಡಿಯಿಂದ ತಂದು ಅಂದಾಜಿನಲ್ಲಿ ಕುಡಿಸಬಾರದೆಂದು ಗ್ರಾಮಸಭೆಯಲ್ಲಿ ತಿಳಿಸುವುದು. ತುರ್ತು ಸಂದರ್ಭದಲ್ಲಿ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು.

3. ಕೋಣಗರುಗಳಿಗೂ ತಪ್ಪದೆ ಔಷಧಿ ಕೊಡಿಸುವುದು. ಅಲಕ್ಷಿತವಾದ ಒಂದು ಕರು ಇಡೀ ಕೊಟ್ಟಿಗೆಯ ನೆಲವನ್ನು ಮಲಿನಗೊಳಿಸಬಲ್ಲದು.

4. ಕರು ಕಟ್ಟುವ ಜಾಗದ ಸಗಣಿಯನ್ನು ಪ್ರತಿದಿನ ತೆಗೆದು ಗೊಬ್ಬರದ ಗುಂಡಿಗೆ ಹಾಕುವುದು. ಚೆನ್ನಾಗಿ ಕೊಳೆಯುವ ರಾಶಿಯ ಬಿಸಿಗೆ ಮೊಟ್ಟೆಗಳು ಸಾಯುತ್ತವೆ. ಕೊಟ್ಟಿಗೆಗೆ ಗಟ್ಟಿನೆಲ ಮತ್ತು ಗೊಬ್ಬರ ಗುಂಡಿಯ ಬೇಡಿಕೆಗಳನ್ನು ವಾರ್ಡ್ ಸಭೆಯಲ್ಲೇ ಪಡೆದು ಕ್ರಿಯಾಯೋಜನೆಗೆ ಪರಿಗಣಿಸುವುದು.

ಕರು ಸತ್ತರೆ ಹಲವು ಎಮ್ಮೆಗಳು ಸೊರೆಬಿಡುವುದೇ ಇಲ್ಲ. ಆ ಸೂಲಿನ ಹಾಲಿಗೂ ಕುತ್ತು. ಹೆಣ್ಣುಗರುವಾದರೆ, ಮೂರು ನಾಲ್ಕು ವರ್ಷಗಳ ಬಳಿಕ ಆ ಮನೆಗೆ ಆಸರೆಯಾಗಬೇಕಿದ್ದ ಎಮ್ಮೆಯೇ ಹೋದಂತೆ. ಇದನ್ನು ತಡೆಯಲು ಬೇಕಾಗಿರುವುದು ಅಲ್ಪ ವೆಚ್ಚದ ಔಷಧಿ ಹಾಗೂ ಸಕಾಲಕ್ಕೆ ತಲುಪುವ ಒಂದು ಮಾಹಿತಿ. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಸದಸ್ಯರಲ್ಲಿ ಕೋರುತ್ತೇನೆ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ