ಮುದ್ರಿತ ಲೋಹಕ್ಕೆ ಹಳೆಯ ಕುಲುಮೆಯ ಲೆಕ್ಕ ಒಗ್ಗದು

2024ರ ಮೇ 9ರಂದು ಇಸ್ರೋ ಮಹೇಂದ್ರಗಿರಿಯಲ್ಲಿ ಪಿಎಸ್4 ಎಂಬ ರಾಕೆಟ್ ಎಂಜಿನ್ನನ್ನು 665 ಸೆಕೆಂಡು ಉರಿಸಿ ಪರೀಕ್ಷಿಸಿತು. ಬೆಂಗಳೂರಿನ ವಿಪ್ರೋ ತ್ರೀಡಿ ಲೋಹದ ಪುಡಿಯನ್ನು ಲೇಸರಿನಿಂದ ಪದರ ಪದರವಾಗಿ ಕರಗಿಸಿ ಮುದ್ರಿಸಿದ ಎಂಜಿನ್ ಅದು. ಮೊದಲು 14 ಬಿಡಿಭಾಗಗಳಾಗಿದ್ದದ್ದು ಒಂದೇ ತುಂಡಾಯಿತು, 19 ಬೆಸುಗೆಗಳು ಬೇಡವಾದವು. ಈ ತಂತ್ರ ಈಗ ಅಚ್ಚುಗಳಿಗೆ, ಸೊಂಟದ ಕೃತಕ ಕೀಲುಗಳಿಗೆ, ಜಾಬ್‌ವರ್ಕ್ ಶೆಡ್ಡುಗಳಿಗೆ ಹಬ್ಬುತ್ತಿದೆ. ನನ್ನ ಆತಂಕ ಅಲ್ಲಿಯದು. ಆ ಭಾಗಗಳನ್ನು ಯಾರೂ ರಾಕೆಟ್ ಎಂಜಿನ್ನಿನಂತೆ ಉರಿಸಿ ನೋಡುವುದಿಲ್ಲ; ಎರಕ ಮತ್ತು ಫೋರ್ಜಿಂಗಿಗಾಗಿ ಬರೆದ ಹಳೆಯ ತಾಪಮಾನದ ಪಟ್ಟಿಯನ್ನೇ ನಂಬಿ ಕುಲುಮೆಗೆ ಇಟ್ಟರೆ ಕೇಳುವವರೂ ಇಲ್ಲ.

ಕುಲುಮೆಯಂತೂ ಬೇಕೇ ಬೇಕು. ಲೇಸರ್ ಕರಗಿಸಿದ ಹನಿ ಸೆಕೆಂಡಿಗೆ ಲಕ್ಷದಿಂದ ಹತ್ತು ಲಕ್ಷ ಡಿಗ್ರಿಯಷ್ಟು ವೇಗದಲ್ಲಿ ತಣಿಯುತ್ತದೆ. ಆ ಅವಸರದಲ್ಲಿ ಲೋಹದೊಳಗೆ ಬಿಗಿತ ಉಳಿದುಬಿಡುತ್ತದೆ. ಅದನ್ನು ಸಡಿಲಿಸದೆ ಮುದ್ರಣದ ತಟ್ಟೆಯಿಂದ ಕತ್ತರಿಸಿದರೆ ಭಾಗ ಸೊಟ್ಟಗಾಗುತ್ತದೆ, ಕೆಲವೊಮ್ಮೆ ಸೀಳುತ್ತದೆ.

ಆದರೆ ಎಷ್ಟು ಬಿಸಿ? ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ನಿಸ್ಟ್‌ನ ವಿಜ್ಞಾನಿಗಳು ಇಂಕೊನೆಲ್ 625 ಎಂಬ ನಿಕಲ್ ಮಿಶ್ರಲೋಹದಲ್ಲಿ ಇದನ್ನು ಹುಡುಕಿದರು. ಬಿಗಿತ ಸಡಿಲಿಸಲು 870 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಡುವುದು ರೂಢಿ. ಬಡಿದು ಹದಗೊಳಿಸಿದ ಲೋಹಕ್ಕೆ ಇದರಿಂದ ತೊಂದರೆಯಿಲ್ಲ. ಡೆಲ್ಟಾ ಎಂಬ ಬೇಡದ ಹರಳು ಮೂಡಲು ಅಲ್ಲಿ ಹತ್ತಾರು ಗಂಟೆ ಹಿಡಿಯುತ್ತದೆ. ಮುದ್ರಿತ ಲೋಹದಲ್ಲಾದರೋ ಆ ಒಂದೇ ಗಂಟೆಯೊಳಗೆ ಡೆಲ್ಟಾ ಬೆಳೆದು ನಿಂತಿತ್ತು. ಕಾರಣ ಸ್ಪಷ್ಟ. ಲೋಹ ಗಟ್ಟಿಯಾಗುವಾಗ ನಿಯೋಬಿಯಂ, ಮಾಲಿಬ್ಡಿನಂ ಅಂಚಿಗೆ ತಳ್ಳಲ್ಪಟ್ಟು, ಮೈಕ್ರಾನಿಗೂ ಕಿರಿದಾದ ಜಾಗಗಳಲ್ಲಿ ಗುಡ್ಡೆಯಾಗಿ ಕುಳಿತಿರುತ್ತವೆ. ಡೆಲ್ಟಾಕ್ಕೆ ಬೇಕಾದ ಸರಕು ಮೊದಲೇ ಸಿದ್ಧ. ಚಪ್ಪಟೆ ತಗಡಿನಂಥ ಈ ಹರಳುಗಳು ಹೆಚ್ಚಾದಂತೆ ಲೋಹ ಬಾಗುವುದನ್ನು ಬಿಟ್ಟು ಬಿರಿಯತೊಡಗುತ್ತದೆ. 800 ಡಿಗ್ರಿಗೆ ಇಳಿಸಿದರೆ ಡೆಲ್ಟಾ ಕಡಿಮೆ. 1150 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಗುಡ್ಡೆಗಳೇ ಕರಗಿ ಹರಡುತ್ತವೆ. ತಪ್ಪು ಬಿಸಿ ತಿಂದ ಭಾಗವೂ ಅಳತೆಯಲ್ಲಿ ಸರಿ, ನೋಟದಲ್ಲಿ ಸರಿ. ಸೂಕ್ಷ್ಮದರ್ಶಕವಿಲ್ಲದೆ ಅದರ ದೋಷ ಕಾಣದು.

ಟೈಟಾನಿಯಂ ಇನ್ನೊಂದು ಬಗೆಯಲ್ಲಿ ಮೋಸಮಾಡುತ್ತದೆ. ಒಳಗಿನ ಸಣ್ಣ ರಂಧ್ರಗಳನ್ನು ಮುಚ್ಚಲು 920 ಡಿಗ್ರಿ ಬಿಸಿಯಲ್ಲಿ, ಸುಮಾರು ಸಾವಿರ ವಾತಾವರಣದ ಒತ್ತಡದಲ್ಲಿ ಹಿಂಡುತ್ತಾರೆ. ಎಕ್ಸ್‌ರೇ ಸ್ಕ್ಯಾನಿನಲ್ಲಿ ರಂಧ್ರಗಳು ಮಾಯ. ಅದೇ ಲೋಹವನ್ನು ಒತ್ತಡವಿಲ್ಲದೆ ಮತ್ತೆ 1000 ಡಿಗ್ರಿ ದಾಟಿಸಿದಾಗ ರಂಧ್ರಗಳು ಹಳೆಯ ಜಾಗಗಳಲ್ಲೇ ಬಾಯ್ದೆರೆದದ್ದನ್ನು ಬ್ರಿಟನ್ನಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದರು. ಪುಡಿಯಲ್ಲಿ ಸಿಕ್ಕಿಕೊಂಡಿದ್ದ ಆರ್ಗಾನ್ ಅನಿಲ ಲೋಹದಲ್ಲಿ ಕರಗುವುದಿಲ್ಲ, ಹಿಂಡಿದಷ್ಟು ಕುಗ್ಗಿ ಕಾಯುತ್ತಿರುತ್ತದೆ. ಪದೇ ಪದೇ ಭಾರ ಹೊರುವ ಭಾಗದಲ್ಲಿ ಬಿರುಕು ಹಲವೊಮ್ಮೆ ಹುಟ್ಟುವುದು ಇಂಥ ರಂಧ್ರದಿಂದ, ಅದೂ ವರ್ಷಗಳ ಬಳಕೆಯ ನಂತರವೂ.

ಅಲ್ಯುಮಿನಿಯಂ–ಸಿಲಿಕಾನ್ ಭಾಗಗಳನ್ನು 300 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಸಿಲಿಕಾನಿನ ನವಿರಾದ ಬಲೆ ಹರಿದು, 400 ಮೆಗಾಪಾಸ್ಕಲ್ ಮೀರಿದ್ದ ಬಲ 300ಕ್ಕಿಂತ ಕೆಳಗಿಳಿಯುತ್ತದೆ. ಹಾಗಾಗಿ ಮುದ್ರಣ ಯಂತ್ರದ ಕರಪತ್ರದಲ್ಲಿರುವ, ಕುಲುಮೆಗೆ ಮುಂಚಿನ ಬಲದ ಅಂಕಿಯನ್ನೇ ಹಿಡಿದು ವಿನ್ಯಾಸ ಮಾಡುವುದು ಅಪಾಯ.

ಮುದ್ರಿತ ಲೋಹದ ಶಾಖೋಪಚಾರಕ್ಕೆಂದೇ ಎಎಸ್‌ಟಿಎಂ ಎಫ್3301 ಎಂಬ ಮಾನಕವಿದೆ. ಭಾಗ ಕೊಳ್ಳುವವರು ಅದನ್ನು ಆರ್ಡರಿನಲ್ಲೇ ಬರೆಸಲಿ. ಅದೇ ತಟ್ಟೆಯ ಮೇಲೆ ಮುದ್ರಿಸಿದ ಪರೀಕ್ಷಾ ಕಡ್ಡಿಗಳು ಭಾಗದ ಜೊತೆ ಅದೇ ಕುಲುಮೆಗೆ ಹೋಗಲಿ. ಅವನ್ನು ಎಳೆದು ಮುರಿದು, ಕತ್ತರಿಸಿ ಸೂಕ್ಷ್ಮದರ್ಶಕದಡಿ ನೋಡಿದ ವರದಿ ಬರುವವರೆಗೆ ಭಾಗವನ್ನು ಜೋಡಿಸಬೇಡಿ.