ಭಾನುವಾರ ನೋಡಲು ಬರುವವರು ಯಾರು?

ವ್ಯಸನಮುಕ್ತಿ ಕೇಂದ್ರಕ್ಕೆ ಸೇರುವಾಗ ಮೊದಲು ಕೈಗೆ ಬರುವುದು ಫಾರಂ. ಮದುವೆಯಾಗಿದೆಯೇ, ಹೆಂಡತಿಯ ಹೆಸರೇನು, ಜೊತೆಗೆ ಬಂದವರು ಏನಾಗಬೇಕು? ವರ್ಷಗಟ್ಟಲೆ ಇನ್ನೊಬ್ಬ ಗಂಡಸಿನೊಡನೆ ಸಂಸಾರ ಮಾಡಿದವನು ಇಲ್ಲಿ ‘ಅವಿವಾಹಿತ’ ಎಂದು ಬರೆದು, ಸಂಗಾತಿಯನ್ನು ರೂಮ್‌ಮೇಟ್ ಮಾಡಿಬಿಡುತ್ತಾನೆ. ಭಾನುವಾರ ಮನೆಯವರು ಬರುವ ಹೊತ್ತಿಗೆ ಆ ರೂಮ್‌ಮೇಟ್ ಗೇಟಿನಾಚೆ. ಗುಂಪಿನಲ್ಲಿ ಕೂತಾಗ ‘ಯಾವಾಗ ಕುಡೀಬೇಕು ಅನ್ನಿಸುತ್ತೆ?’ ಎಂದು ಕೇಳಿದರೂ ಅದೇ ಸುಳ್ಳನ್ನು ಕಾಪಾಡಿಕೊಳ್ಳಬೇಕು. ಮನಸ್ಸು ಬಿಚ್ಚಿ ಮಾತಾಡುವುದೇ ಅರ್ಧ ಮದ್ದಾಗಿರುವ ಚಿಕಿತ್ಸೆ ಇದು.

ಈ ತೊಡಕು ಬಿಡಿಸಲೆಂದೇ ಹುಟ್ಟಿದ್ದು ಅಮೆರಿಕದ ಪ್ರೈಡ್ ಇನ್‌ಸ್ಟಿಟ್ಯೂಟ್. 1986ರಲ್ಲಿ ಮಿನೆಸೋಟ ರಾಜ್ಯದ ಈಡನ್ ಪ್ರೇರಿಯಲ್ಲಿ ಶುರುವಾಯಿತು. ಗೇ, ಲೆಸ್ಬಿಯನ್ನರಿಗೆಂದೇ ಒಳರೋಗಿ ಚಿಕಿತ್ಸೆ ಕೊಟ್ಟ ಮೊದಲ ಕೇಂದ್ರಗಳಲ್ಲಿ ಅದೂ ಒಂದು. ಜಾಗವೂ ಹೊಂದುವಂಥದ್ದೇ. 1949ರಲ್ಲಿ ಹೇಜಲ್ಡನ್ ಎಂಬ ವ್ಯಸನಮುಕ್ತಿ ಕೇಂದ್ರ ಆರಂಭವಾದದ್ದು ಅದೇ ರಾಜ್ಯದಲ್ಲಿ. ಕೆಲವು ವಾರ ಒಳಗೇ ಇಟ್ಟುಕೊಂಡು ಗುಂಪು ಮಾತುಕತೆಯ ಮೂಲಕ ಕುಡಿತ ಬಿಡಿಸುವ ಪದ್ಧತಿ ‘ಮಿನೆಸೋಟ ಮಾದರಿ’ ಎಂದೇ ಹೆಸರಾಗಿದೆ.

ಬೇರೆ ಕೇಂದ್ರವೇ ಏಕೆ ಬೇಕಿತ್ತು? ಉತ್ತರ ಅಲ್ಲಿನ ಬಾರುಗಳಲ್ಲಿದೆ. ಸಲಿಂಗಿಗಳು ಅಂಜದೆ ಒಬ್ಬರನ್ನೊಬ್ಬರು ಕಾಣಬಹುದಾಗಿದ್ದ ಜಾಗ ದಶಕಗಳ ಕಾಲ ಬಾರ್ ಒಂದೇ. ಅಲ್ಲೂ ಪೊಲೀಸರ ದಾಳಿ. 1969ರಲ್ಲಿ ನ್ಯೂಯಾರ್ಕಿನಲ್ಲಿ ಜನ ತಿರುಗಿಬಿದ್ದ ಸ್ಟೋನ್‌ವಾಲ್ ಕೂಡ ಬಾರೇ. ಗೆಳೆತನ, ಪ್ರೀತಿ, ಕೆಲಸದ ಸುದ್ದಿ ಎಲ್ಲ ಸಿಗುವ ಕಡೆಯೇ ಗ್ಲಾಸೂ ಸಿಗುತ್ತಿತ್ತು. ಅಂಥವನಿಗೆ ‘ಹಳೇ ಸಹವಾಸ ಬಿಡಪ್ಪ’ ಎನ್ನುವುದು ಸುಲಭ, ಬಿಟ್ಟು ಹೋಗುವುದೆಲ್ಲಿಗೆ? ಆಲ್ಕೊಹಾಲಿಕ್ಸ್ ಅನಾನಿಮಸ್‌ನಲ್ಲೂ ಸಲಿಂಗಿ ಗುಂಪುಗಳನ್ನು ಅಧಿಕೃತ ಪಟ್ಟಿಗೆ ಸೇರಿಸಬೇಕೇ ಎಂಬ ಜಗ್ಗಾಟ ನಡೆದು, 1974ರಲ್ಲಷ್ಟೇ ಒಪ್ಪಿಗೆ ಸಿಕ್ಕಿತು. ಕುಡಿತ ಬಿಡುವ ಆಸೆಯೊಂದಿದ್ದರೆ ಸಾಕು ಎಂದು ಮೊದಲಿನಿಂದಲೂ ಹೇಳಿಕೊಂಡು ಬಂದ ಸಂಘವದು!

ಬೋರ್ಡು ನೋಡಿ ನಂಬುವಂತೆಯೂ ಇಲ್ಲ. ಅಮೆರಿಕದ ಸರ್ಕಾರಿ ಪಟ್ಟಿಯಲ್ಲಿ ‘ಸಲಿಂಗಿಗಳಿಗೆ ವಿಶೇಷ ಸೇವೆ’ ಎಂದು ಬರೆಸಿಕೊಂಡಿದ್ದ ಕೇಂದ್ರಗಳಿಗೆ ಸಂಶೋಧಕರು ಫೋನ್ ಮಾಡಿ ವಿಚಾರಿಸಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಶೇ 70ರಷ್ಟು ಕೇಂದ್ರಗಳಲ್ಲಿ ಎಲ್ಲರಿಗೂ ಇರುವ ಸೇವೆಯೇ ಇತ್ತು. ನಿಜಕ್ಕೂ ಪ್ರತ್ಯೇಕ ಏರ್ಪಾಟು ಇದ್ದದ್ದು ಶೇ 10ಕ್ಕಿಂತ ಕಡಿಮೆ ಕಡೆ.

ನಮ್ಮಲ್ಲಿ ಕಾನೂನು ಮುಂದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಪ್ತಿಗೆ ಮದ್ಯ, ಮಾದಕವಸ್ತು ವ್ಯಸನಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಬರುತ್ತವೆ. ಲೈಂಗಿಕ ಒಲವಿನ ಕಾರಣಕ್ಕೆ ಚಿಕಿತ್ಸೆಯಲ್ಲಿ ಭೇದ ಮಾಡಕೂಡದು, ರೋಗಿಯ ಗುಟ್ಟು ಕಾಯಬೇಕು ಎಂದೂ ಅದು ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಮಾದಕ ವ್ಯಸನಕ್ಕೆ 14446, ಮಾನಸಿಕ ಆರೋಗ್ಯಕ್ಕೆ ಟೆಲಿ-ಮಾನಸ್ 14416 ಉಚಿತ ಸಹಾಯವಾಣಿಗಳಿವೆ. ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಯಾವ ಕೇಂದ್ರವೇ ಇರಲಿ, ಸೇರುವ ಮುನ್ನ ಹೆಸರು ಹೇಳದೆ ಫೋನಿನಲ್ಲೇ ಕೇಳಿಕೊಳ್ಳುವುದು ವಾಸಿ: ನನ್ನ ಸಂಗಾತಿ ಕುಟುಂಬದವರ ಸಭೆಗೆ ಬರಬಹುದೇ? ನಾನು ಹೇಳಿದ್ದು ಅಪ್ಪ ಅಮ್ಮನ ಕಿವಿಗೆ ಬೀಳುತ್ತದೆಯೇ? ‘ಅದನ್ನೂ ಸರಿಮಾಡ್ತೀವಿ ಬಿಡಿ’ ಎಂದು ಆ ಕಡೆಯಿಂದ ಉತ್ತರ ಬಂದರೆ ಫೋನಿಟ್ಟು ಬೇರೆ ಕಡೆ ವಿಚಾರಿಸಿ.