ಸಾಲದ ಪುಟವೂ ಅಟ್ಟದ ಸಾಮಾನೂ

ನಮ್ಮ ಪೂರ್ವಿಕರು ಹುಟ್ಟಿದ ಪ್ರತಿಯೊಬ್ಬನ ತಲೆಯ ಮೇಲೂ ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳನ್ನು ಹೊರಿಸಿದರಾದರೂ ಅವುಗಳಿಗೆ ಬಡ್ಡಿಯನ್ನು ವಿಧಿಸಲಿಲ್ಲ. ಯಜ್ಞದಿಂದಲೂ ಅಧ್ಯಯನದಿಂದಲೂ ಸಂತಾನದಿಂದಲೂ ಅವು ಕ್ರಮವಾಗಿ ತೀರುತ್ತವೆಂದು ನಂಬಿ ನಿಶ್ಚಿಂತರಾಗಿದ್ದರು. ಈ ಅಧ್ಯಾಯಕ್ಕೆ ವಿಷಯವಾದ ನಾಲ್ಕನೆಯ ಋಣವು, ಅಂದರೆ ಬ್ಯಾಂಕಿನ ಕಾರ್ಡು, ಕಂತಿನ ಮೇಲೆ ತಂದ ಟಿ.ವಿ., ಒತ್ತೆಯಿಟ್ಟ ಬಳೆ, ಭಾವಮೈದುನನಿಂದ ಪಡೆದ ಕೈಗಡ ಇವೆಲ್ಲ ಕೂಡಿ ಆದ ಗೃಹಸ್ಥನ ಸಾಲವು, ಅಷ್ಟು ದಯಾಳುವಾದುದಲ್ಲ. ಅದಕ್ಕೆ ಭಾನುವಾರವಿಲ್ಲ, ಹಬ್ಬದ ರಜೆಯೂ ಇಲ್ಲ.

ಇಂಥ ಸಾಲದಿಂದ ಬಿಡುಗಡೆ ಹೊಂದಬೇಕೆಂಬ ಸಂಸಾರವು ಮೊತ್ತಮೊದಲು ಮಾಡಬೇಕಾದುದು ಎಲ್ಲ ಸಾಲಗಳನ್ನೂ ಒಂದೇ ಪುಟದಲ್ಲಿ ಬರೆಯುವುದು. ಸುಲಭವೆಂದು ತೋರುವ ಈ ಕೆಲಸವು ಅನೇಕ ಮನೆಗಳಲ್ಲಿ ವರ್ಷಗಟ್ಟಲೆ ನಡೆಯದಿರುವುದಕ್ಕೆ ಕಾರಣವೇನೆಂದರೆ, ಗಂಡನ ಕಾರ್ಡಿನ ಬಾಕಿ ಹೆಂಡತಿಗೂ ಹೆಂಡತಿಯ ಸ್ತ್ರೀಶಕ್ತಿ ಸಂಘದ ಸಾಲ ಗಂಡನಿಗೂ ಗೊತ್ತಿರುವುದಿಲ್ಲ. ಬರೆಯಲು ಕುಳಿತಾಗ ಎದುರಾಗುವ ಇನ್ನೊಂದು ತೊಡಕೆಂದರೆ, ಒಬ್ಬೊಬ್ಬ ಸಾಲಿಗನೂ ಬಡ್ಡಿಯನ್ನು ಒಂದೊಂದು ಭಾಷೆಯಲ್ಲಿ ಹೇಳುತ್ತಾನೆ. ಲೇವಾದೇವಿಯವನ ‘ನೂರಕ್ಕೆ ಮೂರು’ ಎಂಬ ಮಾತು ತಿಂಗಳ ಲೆಕ್ಕ. ವರ್ಷಕ್ಕೆ ಅದು 36 ಆಗುತ್ತದೆ. 1961ರ ಕರ್ನಾಟಕ ಲೇವಾದೇವಿದಾರರ ಅಧಿನಿಯಮದ ಮೇರೆಗೆ ಆಧಾರವಿರುವ ಸಾಲಕ್ಕೆ ವರ್ಷಕ್ಕೆ 14, ಆಧಾರವಿಲ್ಲದ ಸಾಲಕ್ಕೆ 16ರ ಮಿತಿಯಿದೆಯೆಂಬುದನ್ನು ನೆನೆದರೆ, ಆ ಸಾಧುವಾದ ‘ಮೂರು’ ಎಂಥದೆಂಬುದು ತಿಳಿದೀತು. ಹಣಕಾಸಿನ ಕಂಪನಿಯವರು ‘ಫ್ಲಾಟ್’ ಎಂಬ ದರವನ್ನು ಹೇಳುತ್ತಾರೆ: ಒಂದು ಲಕ್ಷಕ್ಕೆ ಶೇಕಡಾ 12ರಂತೆ ಎರಡು ವರ್ಷಕ್ಕೆ 24,000 ಬಡ್ಡಿಯೆಂದು ಕೂಡಿಸಿ, ತಿಂಗಳಿಗೆ 5,167 ರೂಪಾಯಿಯ ಕಂತು ಕಟ್ಟಿಸಿಕೊಳ್ಳುವರು. ಆದರೆ ಅಸಲು ತಿಂಗಳು ತಿಂಗಳೂ ಕರಗುತ್ತಿರುವಾಗಲೂ ಪೂರ್ತಿ ಲಕ್ಷಕ್ಕೇ ಬಡ್ಡಿ ತೆತ್ತಂತಾದುದರಿಂದ, ಉಳಿದ ಅಸಲಿನ ಮೇಲಷ್ಟೆ ಲೆಕ್ಕ ಹಾಕಿದರೆ ಆ ದರ 21ಕ್ಕೂ ಮಿಕ್ಕುತ್ತದೆ. ಅಂಗಡಿಯವರ ‘ಸೊನ್ನೆ ಬಡ್ಡಿ’ಯ ವಿಷಯಕ್ಕೆ ಬಂದರೆ, ಅಂಥ ಕಲ್ಪನೆಯೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರ ತನ್ನ ಸುತ್ತೋಲೆಯಲ್ಲಿಯೇ ಹೇಳಿಬಿಟ್ಟಿದೆ. ಎಲ್ಲ ದರಗಳನ್ನೂ ವರ್ಷದ ಲೆಕ್ಕಕ್ಕೆ ತಂದು ಪಕ್ಕಪಕ್ಕದಲ್ಲಿ ಬರೆದಾಗ, ಯಾವ ಸಾಲ ಮನೆಯನ್ನು ತಿನ್ನುತ್ತಿದೆಯೆಂಬುದು ಮಕ್ಕಳಿಗೂ ಕಾಣುತ್ತದೆ.

ಬಹುಮಟ್ಟಿಗೆ ಅದು ಕ್ರೆಡಿಟ್ ಕಾರ್ಡಿನ ಸಾಲವೇ ಆಗಿರುತ್ತದಾದ್ದರಿಂದ ಅದರ ಲೆಕ್ಕವನ್ನು ಇಲ್ಲಿ ನಿಧಾನವಾಗಿ ನೋಡುವುದು ಯುಕ್ತ. ಕಾರ್ಡಿನಲ್ಲಿ ಒಂದು ಲಕ್ಷ ರೂಪಾಯಿ ಬಾಕಿಯಿದ್ದು ತಿಂಗಳಿಗೆ ನೂರಕ್ಕೆ ಮೂರೂವರೆಯಂತೆ ಬಡ್ಡಿಯೆನ್ನೋಣ. ತಿಂಗಳ ಬಡ್ಡಿ 3,500. ಆ ಬಡ್ಡಿಯ ಮೇಲೆ ಶೇಕಡಾ 18ರ ಜಿ.ಎಸ್.ಟಿ. 630, ಒಟ್ಟು 4,130 ರೂಪಾಯಿ. ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ವೆಂದು ಕಾಣಿಸಿರುವುದನ್ನು ಶೇಕಡಾ 5ರಂತೆ 5,000 ರೂಪಾಯಿಯೆಂದು ಇಟ್ಟುಕೊಂಡರೆ, ಅದನ್ನು ತಪ್ಪದೆ ಕಟ್ಟಿ ತನ್ನ ಕರ್ತವ್ಯ ಮುಗಿಯಿತೆಂದು ನೆಮ್ಮದಿಯಿಂದ ಕಾಫಿ ಕುಡಿಯುವ ಗೃಹಸ್ಥನ ಅಸಲಿನಲ್ಲಿ ಕಡಿಮೆಯಾದುದು ಕೇವಲ 870 ರೂಪಾಯಿ. ಬಾಕಿಯನ್ನು ಉಳಿಸಿಕೊಂಡ ಕಾರ್ಡಿನಲ್ಲಿ ಹೊಸದಾಗಿ ಕೊಂಡ ವಸ್ತುವಿಗೆ ಬಡ್ಡಿಯಿಲ್ಲದ ಅವಧಿಯೂ ದೊರೆಯದು. ಕೊಂಡ ದಿನದಿಂದಲೇ ಬಡ್ಡಿಯ ಗಣನೆ ಆರಂಭವಾಗುವುದು. ಆದರೆ ಇದೇ ಲೆಕ್ಕಕ್ಕೆ ಇನ್ನೊಂದು ಮುಖವೂ ಉಂಟು: ಕನಿಷ್ಠ ಮೊತ್ತದ ಮೇಲೆ ಇನ್ನೊಂದು ಐದು ಸಾವಿರವನ್ನು ಹೇಗಾದರೂ ಒದಗಿಸಿದರೆ ಅದು ಇಡಿಯಾಗಿ ಅಸಲಿಗೇ ಸಲ್ಲುವುದಲ್ಲದೆ, ಮುಂದಿನ ತಿಂಗಳಿನಿಂದ ತಿಂಗಳಿಗೆ 206 ರೂಪಾಯಿಯಷ್ಟು ಬಡ್ಡಿಯನ್ನೂ ಉಳಿಸುತ್ತದೆ. ಮನೆಯ ಹಳೆಯ ಸಾಮಾನನ್ನು ಮಾರುವ ಪ್ರಸ್ತಾಪಕ್ಕೆ ಅರ್ಥ ಬರುವುದು ಈ ಲೆಕ್ಕದಿಂದ. ಇದಿಲ್ಲದಿದ್ದರೆ ಅದು ಬರಿಯ ಅಟ್ಟ ಗುಡಿಸುವ ಕಾರ್ಯ.

ಬಡ್ಡಿ ಹೆಚ್ಚಿರುವ ಸಾಲವನ್ನು ಮೊದಲು ತೀರಿಸಬೇಕೆನ್ನುವುದು ಗಣಿತದ ಮತ. ಚಿಕ್ಕ ಸಾಲವನ್ನು ಮೊದಲು ಮುಗಿಸಿ ಪುಟದಿಂದ ಒಂದು ಹೆಸರನ್ನಾದರೂ ಅಳಿಸಿದರೆ ಧೈರ್ಯ ಬರುವುದೆಂಬುದು ಮನಸ್ಸಿನ ಮತ. ನಾನು ಗಣಿತದ ಪಕ್ಷದವನಾದರೂ ಭಾವಮೈದುನನ ಕೈಗಡಕ್ಕೆ ಮಾತ್ರ ವಿನಾಯಿತಿ ಕೊಡುತ್ತೇನೆ. ಕಾಗದದಲ್ಲಿ ಬಡ್ಡಿಯಿಲ್ಲದ ಆ ಸಾಲಕ್ಕೆ ಪ್ರತಿಯೊಂದು ಮದುವೆಯ ಪಂಕ್ತಿಯಲ್ಲಿಯೂ ಬಡ್ಡಿ ತೆರಬೇಕಾಗುತ್ತದೆ.

ಇನ್ನು ಆಯವ್ಯಯದ ಮಾತು. ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕವನ್ನು ಪೂಜಿಸುವ ವರ್ತಕರ ಸಂಪ್ರದಾಯ ನಮ್ಮಲ್ಲಿ ಹಳೆಯದು. ಆದರೆ ಅಂಗಡಿಗೆ ಸಂದ ಆ ಗೌರವ ಅಡುಗೆಮನೆಗೆ ಸಲ್ಲಲಿಲ್ಲ. ಜಪಾನಿನಲ್ಲಿ ಹನಿ ಮೊತೊಕೊ ಎಂಬ ಪತ್ರಕರ್ತೆ 1904ರಲ್ಲಿಯೇ ಗೃಹಿಣಿಯರಿಗಾಗಿ ‘ಕಾಕೆಯ್ಬೊ’ ಎಂಬ ಮನೆವಾರ್ತೆಯ ಲೆಕ್ಕದ ಪುಸ್ತಕವನ್ನು ಅಚ್ಚು ಹಾಕಿಸಿದಳು. ಇಂದಿಗೂ ಆ ಪದ್ಧತಿ ಅಲ್ಲಿ ಬಳಕೆಯಲ್ಲಿದೆ. ನಮ್ಮ ಮನೆಗಳಲ್ಲಿ ಲೆಕ್ಕ ತಪ್ಪುವುದು ಹಾಲು, ದಿನಸಿ, ತರಕಾರಿಗಳಲ್ಲಿ ಅಷ್ಟಾಗಿ ಅಲ್ಲ. ಅವುಗಳ ಮೇಲೆ ಮನೆಯೊಡತಿಯ ಕಣ್ಣು ಸದಾ ಇರುತ್ತದೆ. ತಪ್ಪುವುದು ವರ್ಷಕ್ಕೊಮ್ಮೆ ಬಂದು ನಿಲ್ಲುವ ವೆಚ್ಚಗಳಲ್ಲಿ. ಜೂನ್ ತಿಂಗಳ ಶಾಲೆಯ ಶುಲ್ಕ, ವಿಮೆಯ ಕಂತು, ಗೌರಿ ಗಣೇಶದ ಬಟ್ಟೆಬರೆ, ಊರಿನ ಜಾತ್ರೆ ಇವೆಲ್ಲವೂ ಪಂಚಾಂಗದಷ್ಟೇ ನಿಯತವಾಗಿ ಬರುವಂಥವಾದರೂ, ‘ಇದ್ದಕ್ಕಿದ್ದಂತೆ ಖರ್ಚು ಬಂತು’ ಎಂದು ಹೇಳಿ ನಾವು ಪ್ರತಿವರ್ಷವೂ ಕಾರ್ಡನ್ನು ಉಜ್ಜುತ್ತೇವೆ. ಈ ಖರ್ಚುಗಳನ್ನೆಲ್ಲ ಕೂಡಿಸಿ ಹನ್ನೆರಡರಿಂದ ಭಾಗಿಸಿ, ಬಂದ ಮೊತ್ತವನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ತೆಗೆದಿರಿಸುವ ಸಂಸಾರಕ್ಕೆ ಹೊಸ ಸಾಲದ ಅರ್ಧ ಕಾರಣವೇ ಇಲ್ಲವಾಗುತ್ತದೆ. ಸಾಸಿವೆ ಡಬ್ಬಿಯಲ್ಲಿ ದುಡ್ಡು ಬಚ್ಚಿಡುತ್ತಿದ್ದ ನಮ್ಮ ಅಜ್ಜಿಯಂದಿರು ಭಾಗಾಕಾರವಿಲ್ಲದೆಯೇ ಇದನ್ನು ಅರಿತಿದ್ದರು.

ಹಳೆಯ ಸಾಮಾನನ್ನು ಮಾರುವುದೂ ನಮಗೆ ಹೊಸದಲ್ಲ. ಹಳೆಯ ಸೀರೆಗೆ ಸ್ಟೀಲ್ ಪಾತ್ರೆ ಕೊಡುತ್ತಿದ್ದ ಹೆಂಗಸು, ಹಳೇ ಪೇಪರ್ ಖಾಲಿ ಶೀಸೆಯೆಂದು ಕೂಗುತ್ತ ಬರುತ್ತಿದ್ದವನು, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದವರು, ಬೀದಿ ಬೀದಿಯ ಗುಜರಿ ಅಂಗಡಿ ಇವರೆಲ್ಲ ಈ ವ್ಯಾಪಾರದ ಪೂರ್ವಸೂರಿಗಳು. ಓ.ಎಲ್.ಎಕ್ಸ್., ಫೇಸ್‌ಬುಕ್‌ನ ಮಾರುಕಟ್ಟೆ, ಬಡಾವಣೆಯ ವಾಟ್ಸಾಪ್ ಗುಂಪುಗಳಿಂದ ಆಗಿರುವ ವ್ಯತ್ಯಾಸವೆಂದರೆ, ತಕ್ಕಡಿಯಲ್ಲಿ ತೂಗಿ ಕೊಳ್ಳುವ ಗುಜರಿಯವನ ಬದಲು, ಆ ವಸ್ತುವನ್ನು ಆ ವಸ್ತುವಾಗಿಯೇ ಬಯಸುವ ಒಬ್ಬನು ನಮಗೆ ದೊರೆಯಬಲ್ಲನು. ಬಟ್ಟೆ ಒಣಹಾಕಲು ಮಾತ್ರ ಬಳಕೆಯಾಗುತ್ತಿರುವ ಟ್ರೆಡ್‌ಮಿಲ್, ಮಗು ಬೆಳೆದು ಚಿಕ್ಕದಾದ ಸೈಕಲ್, ಪಿ.ಯು.ಸಿ. ಮುಗಿಸಿದವನ ಪರೀಕ್ಷಾ ಪುಸ್ತಕಗಳು, ಮದುವೆಯಲ್ಲಿ ಬಂದು ಪೊಟ್ಟಣ ಬಿಚ್ಚದೆಯೇ ಅಟ್ಟ ಸೇರಿದ ಮೂರನೆಯ ಡಿನ್ನರ್ ಸೆಟ್ ಮೊದಲಾದುವು ಹೀಗೆ ಹೋಗುವ ವಸ್ತುಗಳು.

ಬೆಲೆ ಕಟ್ಟುವಲ್ಲಿ ಮಾತ್ರ ನಮ್ಮ ಮನಸ್ಸು ನಮ್ಮನ್ನು ಮೋಸಗೊಳಿಸುತ್ತದೆ. ಕಾಹ್ನೆಮನ್, ಕ್ನೆಟ್ಷ್, ಥೇಲರ್ ಎಂಬ ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಮಗ್ಗುಗಳನ್ನು ಕೊಟ್ಟು ಮಾರಲು ಹೇಳಿದಾಗ, ಕೊಳ್ಳುವವರು ಕೊಡಲೊಪ್ಪಿದ ಬೆಲೆಯ ಸುಮಾರು ಎರಡರಷ್ಟನ್ನು ಮಗ್ಗಿನ ಒಡೆಯರು ಕೇಳಿದರು. ಅವರು ಒಡೆಯರಾಗಿ ಇನ್ನೂ ಕೆಲವು ನಿಮಿಷಗಳು ಮಾತ್ರ ಸಂದಿದ್ದವು. ಎಂಟು ವರ್ಷ ಒಡೆಯನಾಗಿದ್ದ ನನ್ನ ಅವಸ್ಥೆಯನ್ನು ಊಹಿಸಿಕೊಳ್ಳಬಹುದು. ಮಗಳಿಗೆಂದು 18,000 ಕೊಟ್ಟು ತಂದಿದ್ದ ಹಾರ್ಮೋನಿಯಂಗೆ ನಾನು 12,000 ಎಂದು ಹಾಕಿ, ಬಂದವರೊಡನೆಲ್ಲ ಅದರ ಸ್ವರಮಾಧುರ್ಯವನ್ನು ಕುರಿತು ಉಪನ್ಯಾಸ ಮಾಡಿ, ಆರು ವಾರಗಳ ತರುವಾಯ, ಮೊದಲ ದಿನವೇ ಸಂಗೀತದ ಮೇಷ್ಟರೊಬ್ಬರು ಹೇಳಿದ್ದ 6,500ಕ್ಕೇ ಅವರಿಗೆ ಕೊಟ್ಟೆನು. ಅಷ್ಟರಲ್ಲಿ ಆ 6,500ರ ಮೇಲೆ ಕಾರ್ಡಿನ ಬಡ್ಡಿಯು ಮೇಲಿನ ದರದಲ್ಲಿ ಸುಮಾರು 400 ರೂಪಾಯಿಯಾಗಿತ್ತು. ನನ್ನ ಹಠದ ಕ್ರಯವೆಂದು ಅದನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಅದೇ ಬಗೆಯ ವಸ್ತುವಿಗೆ ಬೇರೆಯವರು ಕೇಳುತ್ತಿರುವ ಬೆಲೆಯನ್ನು ನೋಡಿ ಅದಕ್ಕಿಂತ ತುಸು ಕಡಿಮೆಯಿಡುವುದು, ಹಗಲು ಬೆಳಕಿನಲ್ಲಿ ಚಿತ್ರ ತೆಗೆಯುವುದು, ಗೀರು ಬಿರುಕುಗಳನ್ನು ಮುಚ್ಚಿಡದೆ ತೋರಿಸುವುದು: ಇಷ್ಟು ಸಾಕು.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಚೌಕಾಸಿಯಿಲ್ಲದೆ ಒಪ್ಪಿ, ವಸ್ತುವನ್ನು ನೋಡಲೂ ಬಾರದೆ, ತಾನು ಸೈನ್ಯದಲ್ಲಿರುವೆನೆಂದು ಹೇಳಿಕೊಂಡು, ಹಣ ಕಳಿಸುವ ನೆಪದಲ್ಲಿ ಕ್ಯೂ.ಆರ್. ಚಿತ್ರವೊಂದನ್ನು ಕಳಿಸುವವನು ಕೊಳ್ಳುವವನಲ್ಲ, ಕಳ್ಳನು. ಯು.ಪಿ.ಐ.ಯಲ್ಲಿ ಹಣವನ್ನು ಪಡೆಯಲು ಪಿನ್ ಒತ್ತಬೇಕಾದ ಪ್ರಸಂಗವೇ ಇಲ್ಲ. ಮೋಸವಾದರೆ ಒಡನೆಯೇ 1930ಕ್ಕೆ ಕರೆ ಮಾಡತಕ್ಕದ್ದು. ಎರಡನೆಯದು ಸ್ಕೂಟರು ಕಾರುಗಳನ್ನು ಮಾರುವವರಿಗೆ: 29 ಮತ್ತು 30ನೆಯ ನಮೂನೆಗಳನ್ನು ಸಲ್ಲಿಸಿ ನೋಂದಣಿ ಕೊಂಡವನ ಹೆಸರಿಗೆ ವರ್ಗವಾಗುವತನಕ ಕಾನೂನಿನ ಕಣ್ಣಿಗೆ ಮಾರಿದವನೇ ಒಡೆಯನೆಂದೂ, ಅಪಘಾತವಾದರೆ ಹೊಣೆ ಅವನದೆಂದೂ ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ನೀಡಿದೆ.

ಮಾರಿ ಬಂದ ಹಣ ಎಲ್ಲಿಗೆ ಹೋಗಬೇಕೆಂಬುದರಲ್ಲಿಯೇ ಬಹಳ ಮಂದಿ ಎಡವುವುದು. ಸೈಕಲ್ ಮಾರಿದ 2,000 ರೂಪಾಯಿ ಸಂಜೆಯವರೆಗೂ ಜೇಬಿನಲ್ಲಿದ್ದರೆ ಅದು ಹೋಟೆಲಿನ ದಾರಿ ಹಿಡಿಯುತ್ತದೆ. ಆದಕಾರಣ ಅಂದೇ, ಸಾಧ್ಯವಾದರೆ ಕೊಂಡವನು ಮೆಟ್ಟಿಲಿಳಿಯುವ ಮೊದಲೇ, ಅದನ್ನು ಸಾಲದ ಖಾತೆಗೆ ಕಟ್ಟಿ ಪುಟದಲ್ಲಿ ಬರೆದುಬಿಡಬೇಕು. ಕಾರ್ಡಿಗೆ ಯಾವ ದಿನ ಎಷ್ಟು ಬೇಕಾದರೂ ಕಟ್ಟಬಹುದು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸುವ ವ್ಯಕ್ತಿಗಳಿಗೆ ಬ್ಯಾಂಕುಗಳು ದಂಡ ವಿಧಿಸಕೂಡದೆಂದು ರಿಸರ್ವ್ ಬ್ಯಾಂಕು 2012ರಲ್ಲಿಯೇ ಆಜ್ಞಾಪಿಸಿದೆ. ಸ್ಥಿರದರದ ವೈಯಕ್ತಿಕ ಸಾಲವಾದರೆ ಕರಾರುಪತ್ರವನ್ನು ಮೊದಲು ಓದಿಕೊಳ್ಳಬೇಕು.

ಕೊನೆಯ ಕಂತು ಕಟ್ಟಿದ ದಿನ ಸಿಹಿ ಮಾಡಿ ಉಣ್ಣಲು ಅಡ್ಡಿಯಿಲ್ಲ; ಆದರೆ ಅದಕ್ಕೆ ಮುಂಚೆ ಬಾಕಿಯಿಲ್ಲವೆಂಬ ಪತ್ರವನ್ನು ಕೇಳಿ ಪಡೆಯಿರಿ, ಕೈಗಡದ ಪ್ರೋನೋಟನ್ನು ಹಿಂದಕ್ಕೆ ತೆಗೆದುಕೊಂಡು ಕೊಟ್ಟವರೆದುರಿಗೇ ಹರಿಯಿರಿ. ಮನೆಪತ್ರಗಳನ್ನು ಒತ್ತೆಯಿಟ್ಟಿದ್ದರೆ, ಸಾಲ ಪೂರ್ಣವಾಗಿ ತೀರಿದ 30 ದಿನಗಳೊಳಗೆ ಬ್ಯಾಂಕು ಅವನ್ನು ಹಿಂದಿರುಗಿಸತಕ್ಕದ್ದು. ತನ್ನ ತಪ್ಪಿನಿಂದ ತಡವಾದರೆ ದಿನವೊಂದಕ್ಕೆ 5,000 ರೂಪಾಯಿಯಂತೆ ಅದೇ ನಿಮಗೆ ಪರಿಹಾರ ತೆರಬೇಕು. 2023ರ ಡಿಸೆಂಬರ್ 1ರಿಂದ ಈ ನಿಯಮ ಜಾರಿಯಲ್ಲಿದೆ.